ಗಾಜಿನ ತೊಟ್ಟಿಯೊಳಗಿನ ನೆರೆಹೊರೆ

(ವಿದ್ಯಾರ್ಥಿಗಳಿಗೂ ಗ್ರಾಮಸ್ಥರಿಗೂ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಮನೆಗಳಲ್ಲಿ ನೆಲಗಪ್ಪೆಯನ್ನು ಯಾರೂ ಸಾಕುವುದಿಲ್ಲ; ಅದು ತಾನಾಗಿಯೇ ಬಂದು ಇರುತ್ತದೆ. ಬಚ್ಚಲೊಲೆಯ ಹಿಂದೆ, ಕಟ್ಟಿಗೆರಾಶಿಯ ಅಡಿಯಲ್ಲಿ, ತುಳಸಿಕಟ್ಟೆಯ ಬಿರುಕಿನಲ್ಲಿ ಹಗಲು ಕಳೆದು, ಜಗುಲಿಯ ದೀಪ ಹತ್ತಿದ ಮೇಲೆ ಹೊರಬಂದು, ಬೆಳಕಿಗೆ ಬಿದ್ದ ಹುಳುಗಳನ್ನು ಒಂದೊಂದಾಗಿ ಆರಿಸಿ ನುಂಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದನ್ನು ಓಡಿಸುವವರಿಲ್ಲ, ಮುದ್ದಿಸುವವರೂ ಇಲ್ಲ. ಇಂಥ ಸೀಮೆಯಲ್ಲಿ ಕುಳಿತು, ಕಪ್ಪೆಗೆ ಗಾಜಿನ ತೊಟ್ಟಿಯೊಂದನ್ನು ಹೇಗೆ ಸಜ್ಜುಗೊಳಿಸಬೇಕು, ಅದರ ಜೊತೆಗೆ ಯಾವ ಪ್ರಾಣಿಯನ್ನು ಇಡಬಹುದು ಎಂಬ ಚರ್ಚೆಗೆ ತೊಡಗುವುದು ವಿಚಿತ್ರವೆನಿಸಬಹುದು. ಆದರೆ ಅಮೆರಿಕ, ಯುರೋಪ್, ಜಪಾನ್ ದೇಶಗಳಲ್ಲಿ ದಶಕಗಳಿಂದ ಬೆಳೆದುಬಂದಿರುವ ಈ ಹವ್ಯಾಸವು ಕೇಳಿದ ಒಂದು ಸಣ್ಣ ಪ್ರಶ್ನೆ, ‘ಯಾರ ಜೊತೆ ಯಾರು ಇರಬಲ್ಲರು?’ ಎಂಬುದು, ಕೊನೆಗೆ ಬೆಟ್ಟದ ಹಳ್ಳಗಳವರೆಗೂ ಬಂದು ಮುಟ್ಟಿದೆ. ಆ ದಾರಿಯನ್ನು ಮೊದಲಿನಿಂದ ನೋಡುವುದು ಉಚಿತ.

ಹವ್ಯಾಸಿಗಳು ಅತಿ ಹೆಚ್ಚಾಗಿ ಸಾಕುವ ಕಪ್ಪೆಗಳಲ್ಲಿ ಒಂದು ಪೂರ್ವ ಏಷ್ಯಾದ್ದು. ಕೊರಿಯಾ ಪರ್ಯಾಯದ್ವೀಪ, ಈಶಾನ್ಯ ಚೀನಾ ಹಾಗೂ ಅದಕ್ಕೆ ಹೊಂದಿಕೊಂಡ ರಷ್ಯಾದ ಕರಾವಳಿ ಸೀಮೆ ಅದರ ತವರು. ಶಾಸ್ತ್ರೀಯ ನಾಮ ಬಾಂಬಿನಾ ಓರಿಯೆಂಟಾಲಿಸ್; ಲೋಕರೂಢಿಯ ಹೆಸರನ್ನು ಕನ್ನಡಿಸಿದರೆ ಬೆಂಕಿಹೊಟ್ಟೆ ಕಪ್ಪೆ. ನಾಲ್ಕೈದು ಸೆಂಟಿಮೀಟರ್ ಉದ್ದದ ಪ್ರಾಣಿ. ಬೆನ್ನು ಪಾಚಿಯ ಹಸಿರು, ಅದರ ಮೇಲೆ ಕಪ್ಪು ಮಚ್ಚೆ, ಮೈತುಂಬ ಸಣ್ಣ ಗುಳ್ಳೆ. ಇಂಗ್ಲಿಷಿನಲ್ಲಿ ಅದನ್ನು ನೆಲಗಪ್ಪೆಯೆಂದು ಕರೆದರೂ ಜಗುಲಿಗೆ ಬರುವ ನೆಲಗಪ್ಪೆಯ ಕುಲಕ್ಕೆ ಅದು ಸೇರಿದ್ದಲ್ಲ. ಹೆಚ್ಚು ಕಾಲ ನೀರಿನಲ್ಲೇ ತೇಲಿಕೊಂಡಿರುವ ಬೇರೊಂದು ಪುರಾತನ ಕುಲ. ಅದರ ನಾಲಿಗೆ ಬಿಲ್ಲೆಯಂತೆ ಬಾಯಿಯ ತಳಕ್ಕೆ ಅಂಟಿಕೊಂಡಿರುವುದರಿಂದ ಹೊರಗೆ ಚಾಚುವುದಿಲ್ಲ. ಹುಳವನ್ನು ಹಿಡಿಯಬೇಕಾದರೆ ಇಡೀ ದೇಹವೇ ಮುನ್ನುಗ್ಗಿ ಬಾಯಿಂದಲೇ ಕಚ್ಚಬೇಕು. ಶತ್ರು ಎದುರಾದಾಗ ಓಡುವ ಬದಲು ಬೆನ್ನನ್ನು ಕಮಾನಿನಂತೆ ಬಗ್ಗಿಸಿ, ಕೈಕಾಲುಗಳನ್ನು ಮೇಲೆತ್ತಿ, ಕೆಂಡದಂಥ ಕೆಂಪು ಹೊಟ್ಟೆಯನ್ನೂ ಅಂಗೈಗಳನ್ನೂ ತೋರಿಸುತ್ತದೆ. ‘ಮುಟ್ಟಿದರೆ ಕೆಟ್ಟೆ’ ಎಂಬುದು ಅದರ ಅರ್ಥ. ಮಾತು ಬರಿಯ ಬೆದರಿಕೆಯಲ್ಲ. ಅದರ ಚರ್ಮದ ಗ್ರಂಥಿಗಳು ಸ್ರವಿಸುವ ಹಾಲಿನಂಥ ದ್ರವ ಕಣ್ಣು, ಮೂಗುಗಳಿಗೆ ತಾಗಿದರೆ ಮನುಷ್ಯನಿಗೂ ಉರಿ ತಪ್ಪದು. ಈ ಕುಲದ ಯುರೋಪಿನ ಕಪ್ಪೆಯೊಂದರ ಚರ್ಮದಿಂದಲೇ ಬಾಂಬೆಸಿನ್ ಎಂಬ ವಸ್ತುವನ್ನು ಇಟಲಿಯ ವಿಜ್ಞಾನಿಗಳು 1970ರ ಸುಮಾರಿಗೆ ಬೇರ್ಪಡಿಸಿದರು.

ಆ ಕೆಂಪು ಬಣ್ಣದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಅದು ಹುಟ್ಟಿನಿಂದ ಬಂದ ಬಣ್ಣವಲ್ಲ, ಊಟದಿಂದ ಬರುವ ಬಣ್ಣ. ಕಾಡಿನ ಕಪ್ಪೆ ತಿನ್ನುವ ನಾನಾ ಬಗೆಯ ಹುಳುಹುಪ್ಪಟೆಗಳಲ್ಲಿ, ಗಜ್ಜರಿಗೆ ಕೇಸರಿ ಬಣ್ಣ ಕೊಡುವ ಕ್ಯಾರೊಟಿನ್ ಜಾತಿಯ ವಸ್ತುಗಳಿರುತ್ತವೆ. ಗಾಜಿನ ತೊಟ್ಟಿಯಲ್ಲಿ ಹುಟ್ಟಿ ಒಂದೇ ಬಗೆಯ ಮಿಡತೆಹುಳು ತಿಂದು ಬೆಳೆದ ಮರಿಯ ಹೊಟ್ಟೆ ಹಳದಿಯಾಗಿಯೋ ಮಾಸಲು ಕಿತ್ತಳೆಯಾಗಿಯೋ ಉಳಿದುಬಿಡುತ್ತದೆ. ಅಂಗಡಿಯಲ್ಲಿ ಕೆಂಪು ಕೆಂಪಾಗಿ ಹೊಳೆಯುವ ಕಪ್ಪೆಯನ್ನು ಕಂಡಾಗ ಕೊಳ್ಳುವವರ ಮನಸ್ಸು ಅದರ ಕಡೆಗೇ ವಾಲುತ್ತದೆ. ಆದರೆ ಆ ಕೆಂಪು ಬಹುಮಟ್ಟಿಗೆ ಅದು ಯಾವುದೋ ಹೊಲದ ಕಾಲುವೆಯಿಂದ ಹಿಡಿದು ತಂದ ಪ್ರಾಣಿ ಎಂಬುದರ ಗುರುತು.

ಇಂಥ ಪ್ರಾಣಿಗೆ ಮನೆ ಕಟ್ಟುವುದೆಂದರೆ ಒಂದು ಜೌಗುಗದ್ದೆಯ ಅಂಚನ್ನು ಗಾಜಿನೊಳಗೆ ಕಟ್ಟುವುದು. ಮೂರು ನಾಲ್ಕು ಕಪ್ಪೆಗಳಿಗೆ ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿ ಕನಿಷ್ಠ ಅಗತ್ಯ. ಅದರ ಅರ್ಧ ಭಾಗ ನೀರು, ಅರ್ಧ ಭಾಗ ನೆಲ. ನೀರಿನ ಆಳ ಒಂದು ಗೇಣನ್ನು ಮೀರಬೇಕಾಗಿಲ್ಲ. ನೀರಿನಿಂದ ನೆಲಕ್ಕೆ ಏರುವ ದಡ ಮಾತ್ರ ಇಳಿಜಾರಾಗಿ, ಒರಟಾಗಿ ಇರಬೇಕು. ಇದೇ ಜಾಗದಲ್ಲಿ ಜಗುಲಿಯ ನೆಲಗಪ್ಪೆಯನ್ನು ಇಟ್ಟರೆ ಕಥೆ ಬೇರೆ: ಅದಕ್ಕೆ ಅಗೆದು ಹುದುಗಿಕೊಳ್ಳಲು ಒಣ ಮಣ್ಣು ಬೇಕು, ನೀರು ತಟ್ಟೆಯಷ್ಟಿದ್ದರೆ ಸಾಕು, ದಡ ಸಿಗದ ಆಳದ ನೀರಿನಲ್ಲಿ ಅದು ಈಜಿ ಸೋತು ಮುಳುಗಿ ಸಾಯಬಹುದು. ಹೆಸರಿನಲ್ಲಿ ಎರಡೂ ನೆಲಗಪ್ಪೆಗಳೇ ಆದರೂ ಒಂದರ ಮನೆ ಇನ್ನೊಂದಕ್ಕೆ ಬಾವಿ. ಮೇಲಿನ ಮುಚ್ಚಳ ಬಿಗಿಯಾಗಿರಬೇಕೆಂಬುದನ್ನು ಹೊಸಬರು ಸಾಮಾನ್ಯವಾಗಿ ಕಲಿಯುವುದು ಕಪ್ಪೆ ಕಾಣೆಯಾದ ಮೇಲೆ. ಒದ್ದೆ ಹೊಟ್ಟೆಯನ್ನು ಗಾಜಿನ ಮೂಲೆಗೆ ಒತ್ತಿಕೊಂಡು ಏರುವ ಕಲೆ ಅದಕ್ಕೆ ಚೆನ್ನಾಗಿ ಗೊತ್ತು.

ತಳಕ್ಕೆ ಹಾಸುವ ವಸ್ತುವಿನ ವಿಷಯ ಸಣ್ಣದಾಗಿ ಕಂಡರೂ ಸಾವು ಬದುಕಿನದು. ಬಾಯಿ ಹಾಕಿ ಹುಳ ಕಚ್ಚುವ ಪ್ರಾಣಿ ಹುಳದೊಂದಿಗೆ ಸಣ್ಣ ಕಲ್ಲನ್ನೂ ನುಂಗುತ್ತದೆ. ಅದು ಕರುಳಿನಲ್ಲಿ ಸಿಕ್ಕಿಕೊಂಡರೆ ಕಪ್ಪೆ ಉಳಿಯುವುದು ಕಷ್ಟ. ಆದ್ದರಿಂದ ಕಪ್ಪೆಯ ತಲೆಗಿಂತ ದೊಡ್ಡದಾದ ನುಣುಪುಗಲ್ಲುಗಳನ್ನು ನೀರಿನ ತಳಕ್ಕೂ, ತೆಂಗಿನ ನಾರಿನ ಪುಡಿಯನ್ನು ನೆಲದ ಭಾಗಕ್ಕೂ ಹಾಕುತ್ತಾರೆ. ಈ ನಾರಿನ ಪುಡಿಯ ಬಹುಪಾಲು ಭಾರತ, ಶ್ರೀಲಂಕಾಗಳಿಂದಲೇ ಇಟ್ಟಿಗೆಯಂತೆ ಒತ್ತಿ ಹೋಗುತ್ತದೆಂಬುದು ತೆಂಗಿನ ತೋಟದವರಿಗೆ ತಿಳಿದಿದ್ದರೂ, ಅದರ ಮೇಲೆ ಕಪ್ಪೆ ಮಲಗುತ್ತದೆಂಬುದು ಬಹುಶಃ ತಿಳಿದಿರಲಾರದು.

ಎಲ್ಲಕ್ಕಿಂತ ಸೂಕ್ಷ್ಮವಾದುದು ನೀರು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಅದೇ ಚರ್ಮದಿಂದ ಒಂದಷ್ಟು ಉಸಿರನ್ನೂ ಆಡುತ್ತದೆ, ಲವಣಗಳನ್ನೂ ಒಳಗೆ ಹೊರಗೆ ಬಿಡುತ್ತದೆ. ನೀರಿನಲ್ಲಿ ಏನು ಬೆರೆತಿದೆಯೋ ಅದು ಕಪ್ಪೆಯ ರಕ್ತದ ಬಾಗಿಲಿಗೇ ಬಂದು ನಿಂತಂತೆ. ನಲ್ಲಿಯ ನೀರಿನ ಕ್ಲೋರಿನ್ ಅದಕ್ಕೆ ವಿಷ. ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಆದರೆ ಕೆಲವು ನಗರಗಳಲ್ಲಿ ಬಳಸುವ ಕ್ಲೋರಮಿನ್ ಹಾಗೆ ಹಾರಿಹೋಗುವುದಿಲ್ಲವಾದ್ದರಿಂದ ಅದಕ್ಕೆ ಬೇರೆ ಔಷಧ ಹಾಕಬೇಕಾಗುತ್ತದೆ. ಕಪ್ಪೆಯ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ಇನ್ನೊಂದು ಅಪಾಯ. ಹಳ್ಳದಲ್ಲಾದರೆ ಹರಿವು ಅದನ್ನು ಒಯ್ಯುತ್ತದೆ, ಮಣ್ಣಿನ ಬ್ಯಾಕ್ಟೀರಿಯಾಗಳು ಉಳಿದುದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟೇನೂ ಕೆಡುಕಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ತೊಟ್ಟಿಯಲ್ಲಿ ಆ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕಾರು ವಾರ ಬೇಕು. ತೊಟ್ಟಿ ಕೊಂಡ ದಿನವೇ ಕಪ್ಪೆಯನ್ನೂ ಕೊಂಡು ತರುವವರು ಈ ನಾಲ್ಕಾರು ವಾರಗಳನ್ನು ಕಪ್ಪೆಯ ಮೈಮೇಲೆಯೇ ಕಳೆಯುತ್ತಾರೆ. ತೊಟ್ಟಿ ಹದಗೊಂಡ ಮೇಲೂ ವಾರಕ್ಕೊಮ್ಮೆ ಒಂದಷ್ಟು ನೀರನ್ನು ಬದಲಿಸುವುದು ತಪ್ಪುವುದಿಲ್ಲ. ಆ ಬದಲಿಸಿದ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಉಳಿದ ವ್ಯವಸ್ಥೆ ಅಷ್ಟು ಕಷ್ಟದ್ದಲ್ಲ. ಉಷ್ಣತೆ 18ರಿಂದ 24 ಡಿಗ್ರಿಯ ಒಳಗಿರಬೇಕು, 28 ದಾಟಿದರೆ ಕಪ್ಪೆ ಬಳಲುತ್ತದೆ. ಮಳೆಗಾಲದ ಆಗುಂಬೆ ಅದಕ್ಕೆ ಸರಿಹೊಂದೀತು, ಬೇಸಿಗೆಯ ರಾಯಚೂರು ಎಂದಿಗೂ ಅಲ್ಲ. ವಾರಕ್ಕೆ ಎರಡು ಮೂರು ಬಾರಿ ಸುಣ್ಣಾಂಶದ ಪುಡಿ ಸವರಿದ ಹುಳು, ಹಗಲಿಗೆ ಹಗಲಿನಂಥ ಬೆಳಕು, ಅವಿತುಕೊಳ್ಳಲು ಎಲೆ ಮತ್ತು ತೊಗಟೆ. ಕೈಯಿಂದ ಮುಟ್ಟುವುದು ಅನಿವಾರ್ಯವಾದಾಗ ಮಾತ್ರ. ಮುಟ್ಟಿದ ಮೇಲೆ ಕೈ ತೊಳೆಯುವುದು ಕಡ್ಡಾಯ. ಹೀಗೆ ನೋಡಿಕೊಂಡರೆ ಅದು ಹತ್ತು ಹದಿನೈದು ವರ್ಷ ಬದುಕುತ್ತದೆ. ಹೈಸ್ಕೂಲಿನ ಹುಡುಗ ಕೊಂಡ ಕಪ್ಪೆ ಅವನ ಮದುವೆಯ ಊಟದ ದಿನವೂ ತೊಟ್ಟಿಯಲ್ಲಿರಬಹುದು.

ಇಷ್ಟೆಲ್ಲ ಸಜ್ಜಾದ ಮೇಲೆ ಹವ್ಯಾಸಿಯ ಕಣ್ಣಿಗೆ ತೊಟ್ಟಿ ಖಾಲಿಯಾಗಿ ಕಾಣತೊಡಗುತ್ತದೆ. ಎರಡು ಅಡಿಯ ಗಾಜಿನಲ್ಲಿ ಮೂರು ಕಪ್ಪೆ, ಅವೂ ಬಹುಹೊತ್ತು ಅಲುಗಾಡದೆ ತೇಲಿಕೊಂಡಿರುವಂಥವು. ಜೊತೆಗೊಂದು ಮೀನು, ಒಂದು ಹಸಿರು ಮರಗಪ್ಪೆ, ಒಂದು ಆಮೆಮರಿ ಇದ್ದರೆ ಚೆನ್ನವೆಂಬ ಆಸೆ ಸಹಜ. ಮನೆಯಲ್ಲೇ ಪುಟ್ಟ ಕಾಡೊಂದನ್ನು ಕಾಣುವ ಈ ಆಸೆಯನ್ನು ಹಳಿಯಬೇಕಾಗಿಲ್ಲ. ಆದರೆ ಕಾಡಿನಲ್ಲಿ ಪ್ರಾಣಿಗಳು ಕೂಡಿ ಬಾಳುವುದು ಒಂದರಿಂದ ಒಂದು ದೂರ ಸರಿಯಲು ಜಾಗವಿರುವುದರಿಂದ. ತೊಟ್ಟಿಯಲ್ಲಿ ಇಲ್ಲದಿರುವುದು ಆ ದೂರವೇ.

ಜೊತೆಗಾರರ ಆಯ್ಕೆಯಲ್ಲಿ ಮೊದಲ ನಿಯಮ ಬಾಯಿಯ ಅಳತೆಯದು. ಬಾಯಿಗೆ ಹಿಡಿಸುವುದೆಲ್ಲ ಕಪ್ಪೆಗೆ ಆಹಾರ. ಸಣ್ಣ ಮೀನು ಕಪ್ಪೆಯ ಹೊಟ್ಟೆ ಸೇರುತ್ತದೆ, ದೊಡ್ಡ ಮೀನು ಕಪ್ಪೆಯ ಬೆರಳನ್ನು ಕಚ್ಚುತ್ತದೆ, ದೊಡ್ಡ ಜಾತಿಯ ಕಪ್ಪೆ ಸಣ್ಣದನ್ನು ಒಂದೇ ಗುಕ್ಕಿಗೆ ನುಂಗುತ್ತದೆ. ಆಮೆಯ ಮಾತೇ ಬೇಡ.

ಎರಡನೆಯದು ವಿಷದ್ದು. ಹಳ್ಳದಲ್ಲಿ ಬೆದರಿದ ಬೆಂಕಿಹೊಟ್ಟೆ ಕಪ್ಪೆ ಚೆಲ್ಲಿದ ವಿಷ ಕ್ಷಣದಲ್ಲಿ ತೊಳೆದುಹೋಗುತ್ತದೆ. ಐವತ್ತು ಲೀಟರಿನ ತೊಟ್ಟಿಯಲ್ಲಿ ಅದು ಎಲ್ಲರ ನೀರಿನಲ್ಲೂ ಬೆರೆಯುತ್ತದೆ. ಎಲ್ಲರೂ ಅದನ್ನು ಚರ್ಮದಿಂದಲೇ ಕುಡಿಯುತ್ತಾರೆ. ಜಗಳವಿಲ್ಲದೆ, ಗಾಯವಿಲ್ಲದೆ ಒಂದು ಮುಂಜಾನೆ ಮರಗಪ್ಪೆ ಸತ್ತುಬಿದ್ದಿರುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಆದರೂ ಅಂಗಡಿಗಳಲ್ಲಿ ಬಹುಕಾಲದಿಂದ ಒಟ್ಟೊಟ್ಟಿಗೆ ಮಾರಾಟವಾಗುತ್ತ ಬಂದ ಒಂದು ಜೋಡಿಯಿದೆ. ಬೆಂಕಿಹೊಟ್ಟೆ ಕಪ್ಪೆಯ ಪಕ್ಕದಲ್ಲಿ ಚೀನಾದ ಬೆಂಕಿಹೊಟ್ಟೆ ನ್ಯೂಟ್. ನ್ಯೂಟ್ ಎಂದರೆ ಹಲ್ಲಿಯಾಕಾರದ, ಬಾಲವುಳ್ಳ, ನೀರಿನಲ್ಲಿ ವಾಸಿಸುವ ಉಭಯವಾಸಿ. ಸಾಲಮ್ಯಾಂಡರ್ ಬಳಗಕ್ಕೆ ಸೇರಿದ್ದು. ಎರಡಕ್ಕೂ ಹೊಟ್ಟೆ ಕೆಂಪು, ಎರಡೂ ಪೂರ್ವ ಏಷ್ಯಾದವು, ಎರಡೂ ವಿಷವುಳ್ಳವು. ಹೆಸರೂ ಒಂದೇ ಆಗಿರುವುದರಿಂದ ಕೊಳ್ಳುವವರಿಗೆ ಅವು ಅಣ್ಣತಮ್ಮಂದಿರಂತೆ ತೋರಿದರೆ ಆಶ್ಚರ್ಯವಿಲ್ಲ. ನಿಜದಲ್ಲಿ ನ್ಯೂಟಿಗೆ ಇನ್ನೂ ತಣ್ಣನೆಯ, ಆಳದ ನೀರು ಬೇಕು. ಅದು ನಿಧಾನವಾಗಿ ಮೂಸಿ ತಿನ್ನುವ ಪ್ರಾಣಿ. ನುಗ್ಗಿ ಕಚ್ಚುವ ಕಪ್ಪೆಯ ಎದುರಿಗೆ ಅದಕ್ಕೆ ಊಟವೇ ಸಿಗದು. ಇಷ್ಟೇ ಆಗಿದ್ದರೆ ಇದು ಒಂದು ಮನೆಯ ತಪ್ಪಾಗಿ ಮುಗಿಯುತ್ತಿತ್ತು. ಈ ಜೋಡಿಯ ನಿಜವಾದ ಕೇಡು ಕಣ್ಣಿಗೆ ಕಾಣದಂಥದು.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಬೆಟ್ಟದ ತೊರೆಗಳಲ್ಲಿ ಕಪ್ಪೆಗಳು ಸಾಲುಸಾಲಾಗಿ ಸತ್ತವು. ಕಾಡು ಕಡಿದಿರಲಿಲ್ಲ, ನೀರಿಗೆ ವಿಷ ಹಾಕಿರಲಿಲ್ಲ. ರಕ್ಷಿತಾರಣ್ಯಗಳ ಒಳಗೇ ತೊರೆಗಳು ನಿಶ್ಶಬ್ದವಾದವು. 1998ರಲ್ಲಿ ಕಾರಣ ಗೊತ್ತಾಯಿತು, 1999ರಲ್ಲಿ ಅದಕ್ಕೆ ಹೆಸರಿಡಲಾಯಿತು: ಬಟ್ರಾಕೋಕೈಟ್ರಿಯಂ ಡೆಂಡ್ರೊಬಟೈಡಿಸ್, ಒಂದು ಕೈಟ್ರಿಡ್ ಶಿಲೀಂಧ್ರ. ಅದರ ಬೀಜಾಣುಗಳಿಗೆ ಬಾಲವಿದೆ, ನೀರಿನಲ್ಲಿ ಈಜಿ ಹೋಗಿ ಕಪ್ಪೆಯ ಚರ್ಮವನ್ನು ಹೊಗುತ್ತವೆ. ಚರ್ಮ ದಪ್ಪಗಾಗಿ ಲವಣಗಳ ಸಮತೋಲ ತಪ್ಪುತ್ತದೆ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲುತ್ತದೆ. ಗೊದಮೊಟ್ಟೆಗಳಿಗೆ ಬಾಯಿಯ ಅಂಚಿನಲ್ಲಿ ಮಾತ್ರ ಗಡಸು ಭಾಗವಿರುವುದರಿಂದ ಅವು ಸೋಂಕು ಹೊತ್ತೂ ಸಾಯದೆ ಉಳಿದು, ಕಾಲು ಮೂಡಿ ಕಪ್ಪೆಯಾದ ಮೇಲೆ ಸಾಯುತ್ತವೆ. 2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಈ ರೋಗದಿಂದ 501 ಪ್ರಭೇದಗಳು ಕ್ಷೀಣಿಸಿವೆ, ಅವುಗಳಲ್ಲಿ 90 ಅಳಿದುಹೋಗಿವೆ ಅಥವಾ ಅಳಿದಿರುವ ಸಂಭವವಿದೆ. ಈ ಲೆಕ್ಕದ ವಿಧಾನವನ್ನು ಪ್ರಶ್ನಿಸಿದ ವಿಜ್ಞಾನಿಗಳೂ ಇದ್ದಾರೆ. ಹಾನಿ ಅಪಾರವೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಇದು ಎಲ್ಲಿಂದ ಬಂತು? 2018ರಲ್ಲಿ, ಹಲವು ಖಂಡಗಳ ಮಾದರಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದ ಅಂತರರಾಷ್ಟ್ರೀಯ ಅಧ್ಯಯನವೊಂದು ಅದರ ಮೂಲವನ್ನು ಪೂರ್ವ ಏಷ್ಯಾದಲ್ಲಿ ಗುರುತಿಸಿತು. ಶಿಲೀಂಧ್ರದ ಅತ್ಯಂತ ಹೆಚ್ಚಿನ ವೈವಿಧ್ಯ ಕಂಡದ್ದು ಕೊರಿಯಾ ಪರ್ಯಾಯದ್ವೀಪದಲ್ಲಿ; ಅದನ್ನು ಹೊತ್ತ ಅಲ್ಲಿನ ಕಪ್ಪೆಗಳಲ್ಲಿ ಬೆಂಕಿಹೊಟ್ಟೆ ಕಪ್ಪೆಯೂ ಒಂದು. ತಲೆತಲಾಂತರದಿಂದ ಜೊತೆಗಿದ್ದ ಆ ಸೋಂಕಿನಿಂದ ತವರಿನ ಕಪ್ಪೆಗಳು ಸಾಮೂಹಿಕವಾಗಿ ಸಾಯುವುದಿಲ್ಲ. ಕೇಡು ತವರಿನಲ್ಲಿರಲಿಲ್ಲ, ಪ್ರಯಾಣದಲ್ಲಿತ್ತು. ಜಗತ್ತಿನಾದ್ಯಂತ ಹಬ್ಬಿದ ಮಾರಕ ತಳಿ 20ನೆಯ ಶತಮಾನದ ಆರಂಭದ ಹೊತ್ತಿಗೆ ಕವಲೊಡೆದಿರಬೇಕೆಂದು ಅದೇ ಅಧ್ಯಯನ ಅಂದಾಜಿಸಿತು. ಉಭಯವಾಸಿಗಳು ಖಂಡದಿಂದ ಖಂಡಕ್ಕೆ ಸರಕಾಗಿ ಸಾಗತೊಡಗಿದ ಕಾಲವೂ ಹೆಚ್ಚುಕಡಿಮೆ ಅದೇ. ಆಹಾರಕ್ಕಾಗಿ, ಪ್ರಯೋಗಾಲಯಕ್ಕಾಗಿ, ಗಾಜಿನ ತೊಟ್ಟಿಗಾಗಿ ಅವು ಸಾಗಿದವು. ಈ ವಿಷಯದಲ್ಲಿ ಭಾರತವೂ ಹೊರಗಿನದಲ್ಲ. 1987ರಲ್ಲಿ ನಿಷೇಧವಾಗುವವರೆಗೆ ಕಪ್ಪೆಯ ಕಾಲುಗಳನ್ನು ಈ ದೇಶ ದೊಡ್ಡ ಪ್ರಮಾಣದಲ್ಲಿ ರಫ್ತು ಮಾಡಿದೆ.

ಇನ್ನು ನ್ಯೂಟಿನ ಕಡೆಗೆ. ನೆದರ್ಲೆಂಡ್ಸ್ ದೇಶದ ದಕ್ಷಿಣದ ಒಂದು ಸಣ್ಣ ಕಾಡಿನಲ್ಲಿ ಕಪ್ಪು ಮೈಯ ಮೇಲೆ ಹಳದಿ ಪಟ್ಟೆಯ ಸಾಲಮ್ಯಾಂಡರುಗಳು 2010ರಿಂದಾಚೆಗೆ ಇದ್ದಕ್ಕಿದ್ದಂತೆ ಇಲ್ಲವಾಗತೊಡಗಿದವು; ಕೆಲವೇ ವರ್ಷಗಳಲ್ಲಿ ನೂರಕ್ಕೆ 96ರಷ್ಟು ನಾಶವಾದವು. 2013ರಲ್ಲಿ ಅದಕ್ಕೆ ಕಾರಣವಾದ ಎರಡನೆಯ ಕೈಟ್ರಿಡ್ ಶಿಲೀಂಧ್ರ ಪತ್ತೆಯಾಯಿತು. ‘ಸಾಲಮ್ಯಾಂಡರುಗಳನ್ನು ತಿನ್ನುವಂಥದು’ ಎಂಬರ್ಥದ ಹೆಸರು ಅದಕ್ಕೆ ಬಂತು. ಅದೂ ಏಷ್ಯಾದ್ದೇ, ಸಾಕುಪ್ರಾಣಿ ವ್ಯಾಪಾರದ ಮೂಲಕವೇ ಬಂದಿರಬೇಕೆಂದು 2014ರ ಅಧ್ಯಯನ ತಿಳಿಸಿತು. ಅಮೆರಿಕಕ್ಕೆ 2004ರಿಂದ 2014ರವರೆಗೆ ಸುಮಾರು 25 ಲಕ್ಷ ಜೀವಂತ ಸಾಲಮ್ಯಾಂಡರುಗಳು ಆಮದಾಗಿದ್ದವು. ಆ ದೇಶ 2016ರ ಜನವರಿಯಲ್ಲಿ 20 ಕುಲಗಳ ಸಾಲಮ್ಯಾಂಡರುಗಳ ಆಮದನ್ನು ತಡೆಯಿತು. ಬೆಂಕಿಹೊಟ್ಟೆ ನ್ಯೂಟಿನ ಕುಲವೂ ಅದರಲ್ಲಿ ಸೇರಿತ್ತು. ಕಪ್ಪೆಗಳು ಆ ಪಟ್ಟಿಯಲ್ಲಿರಲಿಲ್ಲ. ಈ ರೋಗ ಬಾಲವುಳ್ಳವುಗಳದು, ಕಪ್ಪೆಗಳದಲ್ಲವೆಂಬುದೇ ಆಗಿನ ತಿಳಿವಳಿಕೆಯಾಗಿತ್ತು. ಮರುವರ್ಷ, 2017ರಲ್ಲಿ, ವಿಯೆಟ್ನಾಮಿನಿಂದ ಜರ್ಮನಿಗೆ ಮಾರಾಟಕ್ಕೆ ಬಂದಿದ್ದ ಕಪ್ಪೆಗಳ ಮೈಮೇಲೆ ಅದೇ ಶಿಲೀಂಧ್ರ ಪತ್ತೆಯಾದ ವರದಿ ಪ್ರಕಟವಾಯಿತು. ಆ ಕಪ್ಪೆಗಳು ಬಾಂಬಿನಾ ಕುಲದವು. ಬೆಂಕಿಹೊಟ್ಟೆ ಕಪ್ಪೆಯ ದಾಯಾದಿಗಳು.

ಅಂಗಡಿಯ ಆ ಜೋಡಿಯ ಅರ್ಥ ಆಗ ಬದಲಾಯಿತು. ನೋಡಲು ಗಟ್ಟಿಮುಟ್ಟಾದ ಕಪ್ಪೆ, ಅದರ ಮೈಮೇಲೆ ನೆರೆಯವನ ಸಾವು. ತೊಟ್ಟಿಗೆ ಜೊತೆಗಾರರನ್ನು ಆರಿಸುವಾಗ ಹವ್ಯಾಸಿಗಳು ಸ್ವಭಾವವನ್ನು ನೋಡುತ್ತಿದ್ದರು: ಇದು ಸಾಧುವೇ, ಅದು ಕಚ್ಚುತ್ತದೆಯೇ ಎಂದು. ಸಾಧುತ್ವದಿಂದ ಇಲ್ಲಿ ಏನೂ ತಿಳಿಯುವುದಿಲ್ಲ. ಆದ್ದರಿಂದ ಇಂದು ಅನುಭವಸ್ಥರು ಹೇಳುವ ಉತ್ತರ ನೀರಸವಾದದ್ದು: ಬೆಂಕಿಹೊಟ್ಟೆ ಕಪ್ಪೆಗೆ ತಕ್ಕ ಜೊತೆಗಾರ ಇನ್ನೊಂದು ಬೆಂಕಿಹೊಟ್ಟೆ ಕಪ್ಪೆ ಮಾತ್ರ, ಅದೂ ಸಾಕಣೆಯಲ್ಲೇ ಹುಟ್ಟಿದ್ದು, ಹೆಚ್ಚುಕಡಿಮೆ ಒಂದೇ ಗಾತ್ರದ್ದು, ಹೊಸದಾಗಿ ಬಂದಿದ್ದಲ್ಲಿ ಒಂದೆರಡು ತಿಂಗಳು ಬೇರೆ ತೊಟ್ಟಿಯಲ್ಲಿ, ಬೇರೆ ಬಲೆ, ಬೇರೆ ಪಾತ್ರೆಯೊಂದಿಗೆ ಕಾದು ನೋಡಿದ್ದು. ಮೈಮೇಲಿನ ಸೋಂಕನ್ನು ಹತ್ತಿಯಿಂದ ಸವರಿ ಪರೀಕ್ಷಿಸುವ ವಿಧಾನವೂ ಇದೆ. ಹತ್ತು ಬಗೆಯ ಪ್ರಾಣಿಗಳ ವರ್ಣರಂಜಿತ ತೊಟ್ಟಿಗೆ ಹೋಲಿಸಿದರೆ ಇದು ಸಪ್ಪೆಯೆನಿಸೀತು. ಆದರೆ ಆ ಬಣ್ಣದ ತೊಟ್ಟಿಯನ್ನು ಪುಟ್ಟ ಕಾಡೆಂದು ಕರೆಯುವುದು ತಪ್ಪು, ಸಂತೆಯೆಂದರೆ ಸರಿಯಾದೀತು.

ಈ ವೃತ್ತಾಂತ ಮಲೆನಾಡಿಗೆ ಸಂಬಂಧಿಸುವುದು ಮೂರು ಕಡೆಗಳಲ್ಲಿ.

ಒಂದು, ಪಶ್ಚಿಮ ಘಟ್ಟದ ಕಪ್ಪೆಗಳ ಮೇಲೆ ಮೊದಲನೆಯ ಕೈಟ್ರಿಡ್ ಶಿಲೀಂಧ್ರ ಈಗಾಗಲೇ ಇದೆ. 2011ರಲ್ಲಿ ಕೇರಳದ ಭಾಗದಿಂದ, 2013ರಲ್ಲಿ ಘಟ್ಟದ ಉತ್ತರ ಭಾಗದಿಂದ ಅದರ ವರದಿಗಳು ಪ್ರಕಟವಾದವು. ಮಧ್ಯ ಅಮೆರಿಕದಲ್ಲಿ ಕಂಡಂಥ ಸಾಮೂಹಿಕ ಸಾವು ಇಲ್ಲಿ ಕಂಡುಬಂದಿಲ್ಲ. 2013ರ ಅಧ್ಯಯನ ಗುರುತಿಸಿದ್ದು ಏಷ್ಯಾದ್ದೇ ಆದ ತಳಿಯನ್ನು. ಇದರಿಂದ ನಿಶ್ಚಿಂತರಾಗಬಹುದೆಂದು ಕೆಲವರು ಭಾವಿಸುತ್ತಾರೆ. ಬ್ರೆಜಿಲ್ ಹಾಗೂ ದಕ್ಷಿಣ ಆಫ್ರಿಕಾಗಳಲ್ಲಿ ಸ್ಥಳೀಯ ತಳಿಯೂ ಹೊರಗಿನ ತಳಿಯೂ ಸಂಧಿಸಿ ಮಿಶ್ರತಳಿಗಳು ಹುಟ್ಟಿರುವುದನ್ನು ನೋಡಿದರೆ, ಒಂದು ತಳಿಯೊಂದಿಗೆ ಬಾಳಲು ಕಲಿತ ಕಪ್ಪೆ ಎಲ್ಲ ತಳಿಗಳೊಂದಿಗೂ ಬಾಳುತ್ತದೆಂದು ನಂಬಲು ಆಧಾರವಿಲ್ಲ. ಈ ಶಿಲೀಂಧ್ರಕ್ಕೆ ಹಿತವಾದ ಉಷ್ಣತೆ 17ರಿಂದ 25 ಡಿಗ್ರಿ. ಘಟ್ಟದ ಮೇಲಿನ ಹಳ್ಳಗಳ ಮಳೆಗಾಲದ ನೀರನ್ನು ಕೈಯಲ್ಲಿ ಮುಟ್ಟಿ ಬಲ್ಲವರಿಗೆ ಈ ಅಂಕಿ ಏನು ಹೇಳುತ್ತದೆಂದು ವಿವರಿಸಬೇಕಾಗಿಲ್ಲ. ಅಲ್ಲಿ ಇರುವವು ಎಂಥ ಪ್ರಾಣಿಗಳು! ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುವ ಕತ್ತಲೆಕಾನಿನ ಕುಂಬಾರ ಕಪ್ಪೆಗೆ ವಿಜ್ಞಾನದಲ್ಲಿ ಹೆಸರು ದೊರೆತದ್ದೇ 2014ರಲ್ಲಿ. ಮರದ ಪೊಟರೆಯಲ್ಲಿ ವಾಸಿಸುವ ಮರವಾಸಿ ನೆಲಗಪ್ಪೆಯನ್ನು ಕಣ್ಣಾರೆ ಕಂಡವರು ಮಲೆನಾಡಿನಲ್ಲೂ ವಿರಳ. ಅವು ಬೇರೆಲ್ಲೂ ಇಲ್ಲದವು. ಎರಡನೆಯ ಶಿಲೀಂಧ್ರದ ಭಯ ಘಟ್ಟಕ್ಕಿಂತ ಹೆಚ್ಚಾಗಿ ಡಾರ್ಜಿಲಿಂಗ್, ಸಿಕ್ಕಿಂ ಬೆಟ್ಟಗಳಿಗೆ. ಹಿಮಾಲಯದ ನ್ಯೂಟ್ ಇರುವುದು ಅಲ್ಲಿ.

ಎರಡು, ಮನೆಯಂಗಳದ ಸಾಮಾನ್ಯ ನೆಲಗಪ್ಪೆಯೂ ದೂರದ ಊರಿಗೆ ಕೇಡಾಗಿ ಹೋಗಿದೆ. ಮಡಗಾಸ್ಕರ್ ದ್ವೀಪದ ಪೂರ್ವ ತೀರದ ತೋಮಸೀನಾ ಬಂದರಿನ ಸುತ್ತ ಅದು ಕಾಣಿಸಿಕೊಂಡದ್ದು 2014ರಲ್ಲಿ ಜಗತ್ತಿಗೆ ತಿಳಿಯಿತು. ಹಡಗಿನ ಸರಕಿನೊಂದಿಗೆ ಬಂದಿರಬೇಕು; ವಂಶವಾಹಿಗಳ ಪರೀಕ್ಷೆಯಂತೆ ಅದು ಆಗ್ನೇಯ ಏಷ್ಯಾದ ಕಡೆಯದು, ಭಾರತದ್ದಲ್ಲ; ಆದರೆ ಕುಲ ಇದೇ. ಮಲೆನಾಡಿನಲ್ಲಿ ನೀರುಹಾವು ನೆಲಗಪ್ಪೆಯನ್ನು ನುಂಗಿ ಅರಗಿಸಿಕೊಳ್ಳುತ್ತದೆ. ಲಕ್ಷಾಂತರ ವರ್ಷಗಳ ನೆರೆಹೊರೆಯ ಫಲ ಅದು. ಮಡಗಾಸ್ಕರಿನಲ್ಲಿ ನೆಲಗಪ್ಪೆಯ ಕುಲವೇ ಇರಲಿಲ್ಲ. ಅಲ್ಲಿನ ಹಾವು, ಹಲ್ಲಿ, ಪಕ್ಷಿ, ಸಸ್ತನಿಗಳನ್ನು 2018ರಲ್ಲಿ ವಂಶವಾಹಿ ಮಟ್ಟದಲ್ಲಿ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಯಾವುದಕ್ಕೂ ಈ ವಿಷವನ್ನು ತಾಳುವ ಶಕ್ತಿಯಿಲ್ಲವೆಂದು ಕಂಡುಬಂತು. ಒಂದೆಡೆ ಒಳ್ಳೆಯ ನೆರೆಯವನಾದ ಪ್ರಾಣಿ ಎಲ್ಲೆಡೆಯೂ ಹಾಗೆಯೇ ಇರಬೇಕಾಗಿಲ್ಲ.

ಮೂರನೆಯದು ದಿನನಿತ್ಯದ ಸಂಗತಿ. ನಗರಗಳಿಂದ ಕೊಂಡುತಂದ ಅಲಂಕಾರದ ಮೀನು, ಜಲಸಸ್ಯ, ಬಸವನಹುಳುಗಳು ಈಗ ಮಲೆನಾಡಿನ ತಂಗುಮನೆಗಳ ಕೊಳಗಳಲ್ಲಿ, ಶಾಲೆಗಳ ಗಾಜಿನ ತೊಟ್ಟಿಗಳಲ್ಲಿ ಅಪರೂಪವಲ್ಲ. ಅವುಗಳ ನೀರು ಬದಲಿಸಿದಾಗ ಬಕೆಟ್ಟನ್ನು ಬಗ್ಗಿಸುವುದು ತೋಟದ ಬಸಿಗಾಲುವೆಗೆ. ಬಸಿಗಾಲುವೆ ಹಳ್ಳಕ್ಕೆ, ಹಳ್ಳ ಹೊಳೆಗೆ. ನೀರಿನಲ್ಲಿ ಈಜಬಲ್ಲ ಬೀಜಾಣುವಿಗೆ ಇದಕ್ಕಿಂತ ಸುಗಮವಾದ ದಾರಿ ಬೇಕಿಲ್ಲ. ಹಳೆಯ ನೀರನ್ನು ಹಳ್ಳದಿಂದ ದೂರದ ಒಣ ನೆಲಕ್ಕೆ, ಬಿಸಿಲು ಬೀಳುವಲ್ಲಿಗೆ ಚೆಲ್ಲುವುದು ಕನಿಷ್ಠ ಕ್ರಮ. ಕುದಿಸಿಯೋ ಬ್ಲೀಚಿಂಗ್ ಪುಡಿ ಬೆರೆಸಿಟ್ಟೋ ಚೆಲ್ಲಿದರೆ ಇನ್ನೂ ಉತ್ತಮ. ಬ್ಲೀಚಿಂಗ್ ಪುಡಿಯ ನೀರನ್ನಂತೂ ಹಳ್ಳದ ಹತ್ತಿರವೂ ಒಯ್ಯಬಾರದು.

ಶಾಲೆಯ ಮಕ್ಕಳು ಗೊದಮೊಟ್ಟೆ ಹಿಡಿದು ತಂದು ಕಾಲು ಮೂಡುವುದನ್ನು ನೋಡುವುದನ್ನು ಯಾರೂ ತಡೆಯಬೇಕಾಗಿಲ್ಲ. ಪುಸ್ತಕ ಕಲಿಸದ ಪಾಠ ಅದು. ಆದರೆ ಹತ್ತಿಪ್ಪತ್ತು ಸಾಕು, ಬೋಗುಣಿ ತುಂಬ ಬೇಡ. ಒಂದು ಗದ್ದೆಯವನ್ನು ಇನ್ನೊಂದು ಹಳ್ಳದವುಗಳೊಂದಿಗೆ ಬೆರೆಸಬಾರದು. ಅವುಗಳನ್ನು ತಂದ ನೀರಿನಲ್ಲೇ ಇಡಬೇಕು. ಬಾಲ ಕರಗುವ ಮೊದಲು ಹತ್ತಿ ಕೂರಲು ಒಂದು ಕಲ್ಲನ್ನು ಇಡಬೇಕು, ಇಲ್ಲದಿದ್ದರೆ ಮರಿಗಪ್ಪೆ ಮುಳುಗುತ್ತದೆ. ಕೊನೆಗೆ ಹಿಡಿದ ಕಡೆಯಲ್ಲೇ ಬಿಡಬೇಕು. ಅಂಗಡಿಯ ಮೀನಿರುವ ತೊಟ್ಟಿಗೆ ಅವುಗಳನ್ನು ಹಾಕಿದ್ದಾದರೆ ಮತ್ತೆ ಹಳ್ಳಕ್ಕೆ ಬಿಡುವ ಹಾಗಿಲ್ಲ. ಇದು ಮಕ್ಕಳಿಗೆ ಹೇಳಲು ಕಷ್ಟದ ಮಾತು. ಬಿಡುಗಡೆ ಪುಣ್ಯದ ಕೆಲಸವೆಂದು ಕಲಿಸಿರುವಾಗ ಬಿಡಬಾರದೆಂದು ಹೇಳುವುದು ಹೇಗೆ? ಹಾಗೆಂದೇ ಆ ತೊಟ್ಟಿಗೆ ಹಾಕುವ ಮೊದಲೇ ಹೇಳುವುದು ಲೇಸು.

ಕೆಂಪುಹೊಟ್ಟೆಯ ವಿದೇಶಿ ಕಪ್ಪೆಯೇ ಯಾರದಾದರೂ ಮನೆಗೆ ಈಗಾಗಲೇ ಬಂದಿದ್ದರೆ, ಅದಕ್ಕೆ ಇನ್ನು ಆ ತೊಟ್ಟಿಯೇ ಗತಿ; ಹತ್ತು ಹದಿನೈದು ವರ್ಷ ಅದನ್ನು ಒಂಟಿಯಾಗಿಯೋ ಅದರದೇ ಜಾತಿಯವುಗಳೊಂದಿಗೋ ಚೆನ್ನಾಗಿ ನೋಡಿಕೊಳ್ಳಬೇಕು. ಮಳೆ ಬಂತೆಂದು ಅಂಗಳದ ಕಪ್ಪೆಯನ್ನು ಅದರ ಜೊತೆಗೆ ಬಿಡಬಾರದು, ಅದನ್ನೂ ಅಂಗಳಕ್ಕೆ ಬಿಡಬಾರದು. ಸತ್ತರೆ ಸುಡಬೇಕು, ಹಳ್ಳಕ್ಕೆ ಎಸೆಯಕೂಡದು. ತೊಟ್ಟಿಯ ಕಲ್ಲು, ತೊಗಟೆ, ಬಲೆಗಳನ್ನು ಬಿಸಿಲಿನಲ್ಲಿ ಕೆಲವು ದಿನ ಪೂರ್ಣವಾಗಿ ಒಣಗಿಸಬೇಕು. ಈ ಶಿಲೀಂಧ್ರಕ್ಕೆ ಒಣಗುವುದೇ ಸಾವು. ಆಷಾಢದಲ್ಲಿ ಮಲೆನಾಡಿನಲ್ಲಿ ಯಾವುದೂ ಒಣಗುವುದಿಲ್ಲವಾದ್ದರಿಂದ, ಆ ದಿನಗಳಲ್ಲಿ ಅವುಗಳನ್ನು ಬಚ್ಚಲ ಹಂಡೆಯ ಕುದಿಯುವ ನೀರಿಗೆ ಹಾಕಿ ತೆಗೆಯಬೇಕಾಗುತ್ತದೆ. ಹಂಡೆಯ ಹಿಂದೆ ಕುಳಿತ ನೆಲಗಪ್ಪೆಯ ಮೇಲೆ ಆ ನೀರು ಚೆಲ್ಲದಂತೆ ನೋಡಿಕೊಂಡರಾಯಿತು.